ಕಾರ್ಗಿಲ್ ಮೀನಿನ ಜೊತೆಗಾರ

ಎರಡನೆಯ ಮೀನು ಸತ್ತದ್ದು ಐದು ವರ್ಷದ ಹುಡುಗಿಯೊಬ್ಬಳ ಕಣ್ಣೆದುರು. ಬಾಲ ಕಿತ್ತುಹೋದ ಪುಟ್ಟ ನೀಲಿ ಡ್ಯಾಮ್ಸೆಲ್ ಮೀನು ಮಗುಚಿ ತೇಲುತ್ತಿತ್ತು. ಹುಡುಗಿ ಆಮೇಲೆ ಬಾಯಿಯನ್ನೇ ತೆರೆಯಲಿಲ್ಲ. ಅದು ಮಕ್ಕಳ ಹಲ್ಲಿನ ಕ್ಲಿನಿಕ್.

"ಮಕ್ಕಳ ಹೆದರಿಕೆ ಹೋಗಲಿ ಎಂದು ತೊಟ್ಟಿ ಇಟ್ಟದ್ದು, ಪ್ರತೀಕ್," ಎಂದರು ಡಾಕ್ಟರ್ ಸುಭಾಷಿಣಿ. "ಆ ರಾಕ್ಷಸ ಒಂದೇ ಇದ್ದರೆ ತೊಟ್ಟಿ ಖಾಲಿ ಕಾಣ್ತದೆ. ಸರಿಯಾದ ಜೊತೆ ನೋಡಿ ಹಾಕು. ಇನ್ನೊಂದು ಸತ್ತರೆ ಮಾತ್ರ ತೊಟ್ಟಿಯನ್ನೇ ತೆಗೆಸಿಬಿಡ್ತೇನೆ."

ಉಡುಪಿಯಲ್ಲಿ ನಾನು ನೋಡಿಕೊಳ್ಳುವ ಉಪ್ಪುನೀರಿನ ತೊಟ್ಟಿ ಇದೊಂದೇ. ಇದು ಹೋದರೆ ಹೆಜಮಾಡಿಯಲ್ಲಿ ಸೋದರಮಾವನ ದೋಣಿ ಹತ್ತಬೇಕು. ದೋಣಿ ಹತ್ತಿದರೆ ನನಗೆ ವಾಂತಿ ಬರುತ್ತದೆ. ಮೀನುಗಾರರ ಮನೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರಿಗೂ ಗೊತ್ತು.

ರಾಕ್ಷಸ ಎಂದರೆ ಟ್ರಿಗರ್ ಮೀನು. ಗಾಢ ನೀಲಿ ಮೈ, ಕೆಂಪು ಹಲ್ಲು. ನಮ್ಮ ಬಂದರಿನವರು ಇದನ್ನು ಕಾರ್ಗಿಲ್ ಎನ್ನುತ್ತಾರೆ. ಬಲೆಗೆ ರಾಶಿಗಟ್ಟಲೆ ಬಿದ್ದು ಮೀನುಹುಡಿ ಕಾರ್ಖಾನೆಗೆ ಹೋಗುವ ಮೀನು. ಕಾಪು ಮಾರ್ಕೆಟಿನಲ್ಲಿ ಮೀನು ಮಾರುವ ನನ್ನ ಅಮ್ಮ ಕುಶಲಾ ಅದರ ಫೋಟೋ ನೋಡಿದಾಗಿನಿಂದ ನಗುತ್ತಲೇ ಇದ್ದಾಳೆ.

"ಕಾರ್ಗಿಲ್‌ಗೆ ಎ.ಸಿ. ರೂಮು! ಈಗ ಅದಕ್ಕೆ ಹೆಣ್ಣು ಬೇರೆ ನೋಡ್ತಿದ್ದೀಯಾ?"

"ಹೆಣ್ಣಲ್ಲ ಅಮ್ಮ, ಜೊತೆಗೆ ಇರಲಿಕ್ಕೆ ಒಂದು ಮೀನು."

"ಕಿರುಬೆರಳಿನಷ್ಟಿರುವುದನ್ನು ಹಾಕಿದರೆ ಊಟ ಎಂದೇ ತಿಳಿಯುವುದು ಅದು. ಅದರಷ್ಟೇ ದೊಡ್ಡದು ಹಾಕು ಮಗಾ. ತಾನಾಗಿ ಜಗಳಕ್ಕೆ ಹೋಗಬಾರದು, ಮುಟ್ಟಿದವರಿಗೆ ಮಾತ್ರ ಉರಿಯಬೇಕು. ಬೆನ್ನಲ್ಲಿ ವಿಷದ ಮುಳ್ಳಿನ ಜಾತಿ ಉಂಟಲ್ಲ, ಬುಟ್ಟಿಯಿಂದ ತೆಗೆಯಲಿಕ್ಕೆ ನಾನೇ ಹೆದರ್ತೇನೆ."

ನಾನು ಮೂರು ದಿನ ಓದಿದ್ದರ ಸಾರವೂ ಅಷ್ಟೇ ಆಗಿತ್ತು.

ಮಂಗಳೂರಿನಿಂದ ಒಂದು ಫಾಕ್ಸ್‌ಫೇಸ್ ತಂದೆ. ಅಂಗೈ ಉದ್ದದ ಹಳದಿ ಮೀನು. ಪಾಚಿ ತಿನ್ನುವ ಸಾಧು, ಬೆನ್ನ ತುಂಬ ಮುಳ್ಳು. ಕಾರ್ಗಿಲ್ ತನ್ನದೆಂದುಕೊಂಡಿದ್ದ ಬಿಲದ ಗುರುತೇ ಸಿಗದ ಹಾಗೆ ಕಲ್ಲುಗಳನ್ನೆಲ್ಲ ಬದಲಿಸಿ ಜೋಡಿಸಿದೆ. ಹೊಸಬನನ್ನು ಒಂದು ವಾರ ಅದೇ ನೀರಿನಲ್ಲಿ, ತೂತುಗಳಿರುವ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಇಟ್ಟೆ. ಕಾರ್ಗಿಲ್ ಎರಡು ದಿನ ಪೆಟ್ಟಿಗೆಗೆ ಗುದ್ದಿತು, ಮೂರನೆಯ ದಿನ ಬೇಸತ್ತು ಬಿಟ್ಟಿತು. ಪೆಟ್ಟಿಗೆ ತೆಗೆದ ಮೇಲೆ ಐದು ದಿನ ಏನೂ ಆಗಲಿಲ್ಲ.

ಆರನೆಯ ದಿನ ಬೆಳಿಗ್ಗೆ ಕ್ಲಿನಿಕ್‌ನ ರಿಸೆಪ್ಶನಿಸ್ಟ್ ಗ್ಲ್ಯಾಡಿಸ್ ಬಾಯಿ ಫೋನ್ ಮಾಡಿದರು. "ಬೇಗ ಬಾ ಮಾರಾಯ. ನಿನ್ನ ಕಾರ್ಗಿಲ್ ಯುದ್ಧ ಶುರು ಮಾಡಿದೆ."

ಬಸ್ಸು ಉದ್ಯಾವರ ದಾಟುವಷ್ಟರಲ್ಲಿ ಮೇಡಂ ಎದುರು ಹೇಳಬೇಕಾದ ಮಾತನ್ನು ನಾಲ್ಕು ಸಲ ಉರುಹೊಡೆದಿದ್ದೆ.

ಫಾಕ್ಸ್‌ಫೇಸ್ ಬದುಕಿತ್ತು. ಕಲ್ಲಿನ ಬಿರುಕಿಗೆ ಹೊಕ್ಕು ಮುಳ್ಳು ನಿಮಿರಿಸಿಕೊಂಡಿತ್ತು. ಹೆದರಿಕೆಗೆ ಮೈ ತುಂಬ ಕಂದು ಮಚ್ಚೆ ಎದ್ದಿತ್ತು, ಬಾಲದ ಅಂಚು ಹರಿದಿತ್ತು. ಕಾರ್ಗಿಲ್ ಹೊರಗೆ ಕಾಯುತ್ತಿತ್ತು. ಅದರ ಗಮನ ಬೇರೆಡೆ ಸೆಳೆಯಲು ಸಿಗಡಿ ಬೇಕೆಂದು ಫ್ರಿಜ್ ತೆರೆದೆ.

ವಾರಕ್ಕಾಗುವ ಸಿಗಡಿ ಚೂರುಗಳನ್ನು ದಿನಕ್ಕೊಂದು ಪೊಟ್ಟಣ ಮಾಡಿ, ತಾರೀಕು ಬರೆದು ನಾನೇ ಇಟ್ಟಿರುತ್ತೇನೆ. ದಿನಾ ಬೆಳಿಗ್ಗೆ ಕ್ಲಿನಿಕ್‌ನ ಬೀಗ ತೆಗೆಯುವ ಮಧ್ವರಾಜ ರಾಯರು, ಎಂದರೆ ಡಾಕ್ಟರರ ಮಾವ, ಮುಖ ಆಚೆ ತಿರುಗಿಸಿಕೊಂಡು ಇಕ್ಕಳದಿಂದ ಅದನ್ನು ತೊಟ್ಟಿಗೆ ಹಾಕುತ್ತಾರೆ. ಇವತ್ತಿನ ಪೊಟ್ಟಣದ ಜೊತೆ ನಿನ್ನೆಯದೂ ಹಾಗೆಯೇ ಇತ್ತು.

"ರಾಯರೇ, ನಿನ್ನೆ ಹಾಕಲಿಲ್ವಾ?"

"ನಿನ್ನೆ ಏಕಾದಶಿ ಅಲ್ವಾ! ನಾನೇ ನೀರು ಸಹ ಕುಡಿಯಲಿಲ್ಲ. ಏಕಾದಶಿಯ ದಿನ ಸಿಗಡಿ ಹಿಡಿಯುವುದಾ?"

"ಪ್ರತಿ ಏಕಾದಶಿಗೂ ಹೀಗೇನಾ?"

"ಮತ್ತೆಂತ? ಒಂದು ದಿನ ಹಾಕದಿದ್ದರೆ ಮೀನು ಸಾಯುವುದಿಲ್ಲ ಎಂದದ್ದು ನೀನೇ."

ಹೇಳಿದ್ದೆ. ಸುಳ್ಳೂ ಅಲ್ಲ, ಹಸಿದ ಮೀನು ಸಾಯಲಿಲ್ಲ. ಹಿಂದೆಯೂ ಪೊಟ್ಟಣ ಉಳಿದದ್ದುಂಟು, ಆಗ ತಾರೀಕು ಬರೆಯುತ್ತಿರಲಿಲ್ಲ, ನಾನೇ ಒಂದು ಹೆಚ್ಚು ಕಟ್ಟಿರಬೇಕು ಎಂದುಕೊಂಡಿದ್ದೆ. ಸತ್ತ ಎರಡು ಮೀನುಗಳ ಫೋಟೋ ಮೊಬೈಲಿನಲ್ಲಿತ್ತು. ತಾರೀಕುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಕಿದೆ. ಎರಡೂ ಏಕಾದಶಿಯ ಮರುದಿನ.

ಅಷ್ಟರಲ್ಲಿ ಮೇಡಂ ಬಂದರು. "ಎಂತ, ಇದೂ ಹೋಯಿತಾ?"

ನಾನು ಪೊಟ್ಟಣ ತೋರಿಸಿದೆ, ಕ್ಯಾಲೆಂಡರ್ ತೋರಿಸಿದೆ. ಅವರು ಮಾವನ ಕಡೆ ತಿರುಗಿದರು. "ನಿಮ್ಮ ಪಾರಣೆ ಬೆಳಿಗ್ಗೆ ಆರಕ್ಕೇ ಮುಗಿಯಿತಲ್ಲ ಮಾವ. ಅದಕ್ಕೆ ಇನ್ನೂ ಇಲ್ವಾ?"

"ಇವತ್ತು ಹಾಕಲಿಕ್ಕೆಂದೇ ಬಂದೆ. ಜಗಳ ನೋಡಿ ಇಕ್ಕಳ ಅಲ್ಲೇ ಇಟ್ಟೆ." ರಾಯರು ಕುರ್ಚಿಯಲ್ಲಿ ಕುಳಿತರು. "ಹಾಗಾದರೆ ಆ ಎರಡು ಜೀವ ನನ್ನ ಲೆಕ್ಕಕ್ಕಾ?"

"ಅರ್ಧ ನನ್ನ ಲೆಕ್ಕಕ್ಕೆ ರಾಯರೇ. ಸಣ್ಣ ಮೀನು ತಂದವನು ನಾನು."

"ಏಕಾದಶಿಗೆ ನಾನು ಹಾಕ್ತೇನೆ ಬಿಡಿ," ಎಂದರು ಗ್ಲ್ಯಾಡಿಸ್ ಬಾಯಿ. "ನಮಗೆ ಉಪವಾಸ ಇರುವುದು ಶುಕ್ರವಾರ, ಅದೂ ಈಸ್ಟರ್‌ಗೆ ಮೊದಲು."

"ಶುಕ್ರವಾರವೇ ಏಕಾದಶಿ ಬಂದರೆ?"

"ಆ ದಿನ ಬಿಡುವುದು ಮಾಂಸ ಮಾತ್ರ, ಮೀನಿಗೆ ನಮ್ಮಲ್ಲಿ ಅಡ್ಡಿ ಇಲ್ಲ ರಾಯರೇ."

ಮೇಡಂ ನಕ್ಕರು. ಆ ತಿಂಗಳಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಿಗಡಿಯನ್ನು ತೊಟ್ಟಿಯ ಇನ್ನೊಂದು ತುದಿಯಲ್ಲಿ ಹಾಕಿದೆ. ಕಾರ್ಗಿಲ್ ಬಿರುಕು ಬಿಟ್ಟು ಅತ್ತ ನುಗ್ಗಿತು, ಹೊಟ್ಟೆ ತುಂಬ ತಿಂದಿತು, ಸುಮ್ಮನಾಯಿತು. ಹತ್ತಕ್ಕೆ ಮೊದಲ ಮಗು ಬಂದಾಗ ಫಾಕ್ಸ್‌ಫೇಸ್ ಹೊರಗೆ ಬಂದು ಕಲ್ಲಿನ ಪಾಚಿ ಕೆರೆಯುತ್ತಿತ್ತು. ಕಾರ್ಗಿಲ್ ಪಕ್ಕದಲ್ಲೇ ಹಾದುಹೋಯಿತು, ತಿರುಗಿಯೂ ನೋಡಲಿಲ್ಲ. ಮಚ್ಚೆಗಳು ಮಾಯವಾಗಿ ಹಳದಿ ಮರಳಿತ್ತು.

ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. "ದೋಣಿಗೆ ಬರುವುದಿಲ್ಲ ಎಂದು ಮಾವನಿಗೆ ಹೇಳು."

"ಹೇಳ್ತೇನೆ," ಎಂದಳು. ಹಿಂದೆ ಮಾರ್ಕೆಟಿನ ಗದ್ದಲವಿತ್ತು. "ಕೇಳಿದರೆ ಬಚಾವಾದೆ ಎಂದು ಅವನೇ ದೇವಸ್ಥಾನಕ್ಕೆ ಹೋಗಿ ಕಾಯಿ ಒಡೆಸಿಯಾನು."