ಹನ್ನೆರಡು ಬಾಳೆಯ ಮನೆ

“ಭಟ್ರ, ಈ ಖೋಲ್ಯಾಗ ನಿಮ್ಮ ಅಕ್ಕಾರು ಮಲಗಾಕ ಆಗೂದಿಲ್ರಿ. ನಿಂತಗೊಂಡ ನಿದ್ದಿ ಮಾಡಬೇಕು,” ಎಂದ ಚನ್ನಬಸವ.

ಬನವಾಸಿ ಕಡೆಯ ಬಡಿಗ ಅವನು. ಕಿವಿಯ ಮೇಲೆ ಪೆನ್ಸಿಲ್ಲು, ಮುಖದಲ್ಲಿ ನಗೆಯ ಸುಳಿವಿಲ್ಲ. ತಮಾಷೆಯೋ ನಿಜವೋ ತಿಳಿಯದೆ ನಾನೇ ಟೇಪು ಹಿಡಿದು ನೋಡಿದೆ. ಎರಡು ಅಡಿ ಎಂಟು ಇಂಚು. ಇನ್ನೊಂದು ತುದಿಯಿಂದ ಹಿಡಿದೆ. ಆಗಲೂ ಅಷ್ಟೇ. ನಿನ್ನೆ ಸಂಜೆಯವರೆಗೆ ಅದು ಆರಡಿಯ ಕೋಣೆ. ಬೆಳಗಾಗುವುದರೊಳಗೆ ಉಳಿದ ಜಾಗವನ್ನು ಯಾರು ಹೊತ್ತುಕೊಂಡು ಹೋದರು ಎಂದು ಸುತ್ತ ನೋಡಿದೆ.

ಹೊತ್ತುಕೊಂಡು ಹೋಗಲು ಅಲ್ಲಿ ಮನೆಯೇ ಇರಲಿಲ್ಲ. ತ್ಯಾಗಲಿಯ ನಮ್ಮ ಹತ್ತು ಗುಂಟೆಯಲ್ಲಿ ಮಟ್ಟ ಮಾಡಿದ ನೆಲ, ನೆಲದ ಮೇಲೆ ಗೂಟ, ಗೂಟಕ್ಕೆ ಹಗ್ಗ. ಹಗ್ಗ ಇದ್ದಲ್ಲಿ ಗೋಡೆ ಎಂದು ತಿಳಿದುಕೊಳ್ಳಬೇಕು. ಮೊಬೈಲಿನಲ್ಲಿ ಹಿಮದ ನಾಡಿನವನೊಬ್ಬ ಇಡೀ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಮನೆ ಕಟ್ಟುವುದನ್ನು ನೋಡಿದಂದಿನಿಂದ ನನಗೆ ಈ ಹುಚ್ಚು. ನಮ್ಮದೇ ಜಾಗದ ಸಿಲ್ವರ್ ಓಕ್ ಕಡಿಸಿ, ಸಿಪ್ಪೆ ಸುಲಿದು, ಎರಡು ಬೇಸಿಗೆ ನೆರಳಲ್ಲಿ ಒಣಗಿಸಿ, ಒರಲೆ ಹತ್ತದಿರಲೆಂದು ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆಯನ್ನು ನಾನೇ ಬಳಿದಿದ್ದೆ. ಆ ವಾಸನೆಗೆ ನನ್ನ ಹೆಂಡತಿ ಶರಾವತಿ ಒಂದು ತಿಂಗಳು ನನ್ನ ಹತ್ತಿರ ಕೂರಲಿಲ್ಲ.

ನಕಾಶೆಯೂ ನನ್ನದೇ. ಮದುವೆ ಕಾಗದವೊಂದರ ಹಿಂಬದಿಯಲ್ಲಿ ಬರೆದದ್ದು. ನಾನು ಅಡುಗೆಯವನು, ಶಿರಸಿ, ಸಿದ್ದಾಪುರ, ಯಲ್ಲಾಪುರದ ಮದುವೆ ಮುಂಜಿಗಳಲ್ಲಿ ಮೂವತ್ತು ವರ್ಷದಿಂದ ಒಲೆಯ ಮುಂದೆ ನಿಂತವನು. ಅಡಿ, ಇಂಚು ನನ್ನ ತಲೆಗೆ ಹತ್ತುವುದಿಲ್ಲ. ನನಗೆ ಗೊತ್ತಿರುವ ಅಳತೆ ಬಾಳೆ. ಊಟಕ್ಕೆ ಕೂತ ಒಬ್ಬರಿಗೆ ಒಂದು ಬಾಳೆ ಎಲೆ, ಅಗಲಕ್ಕೆ ಎರಡಡಿ. ಯಾರ ಮನೆಯ ಜಗುಲಿ ಕಂಡರೂ ಕಣ್ಣು ತನ್ನಷ್ಟಕ್ಕೆ ಎಣಿಸುತ್ತದೆ. ಈ ಗೋಡೆಗೆ ಹದಿನಾಲ್ಕು, ಆ ಕಡೆ ಹನ್ನೊಂದು, ಕಂಬದ ಹತ್ತಿರ ತೆಳ್ಳಗಿನವರನ್ನು ಕೂರಿಸಿದರೆ ಇನ್ನೊಂದು. ಊರೆಲ್ಲ ಬಡಿಸಿ ಕೊನೆಗೆ ಪಾತ್ರೆಗಳ ನಡುವೆ ನಿಂತು ಉಂಡವನಿಗೆ ಒಂದು ಆಸೆಯಿತ್ತು. ನನ್ನ ಮನೆಯ ಜಗುಲಿಯಲ್ಲಿ ಈ ಕಡೆ ಹನ್ನೆರಡು, ಎದುರಿಗೆ ಹನ್ನೆರಡು ಬಾಳೆ ಬೀಳಬೇಕು. ಶಿರಸಿಯ ಬಾಡಿಗೆ ಮನೆಯಲ್ಲಿ ನಾಲ್ವರು ಕೂತರೆ ಐದನೆಯವರು ಬಚ್ಚಲಲ್ಲಿ.

ಜಗುಲಿಯ ಹಿಂದೆ ಸಾಲಾಗಿ ಅಡುಗೆಮನೆಗೆ ಐದು ಬಾಳೆ, ನಮ್ಮ ಕೋಣೆಗೆ ಐದು, ಅಕ್ಕನ ಕೋಣೆಗೆ ಮೂರು ಎಂದು ಗುರುತು ಹಾಕಿದ್ದೆ. ಒಟ್ಟು ಹದಿಮೂರು, ಇಪ್ಪತ್ತಾರು ಅಡಿ. ದಿಮ್ಮಿಗಳ ಉದ್ದವೂ ಇಪ್ಪತ್ತಾರು. ಇಷ್ಟು ಸರಿಯಾದ ಲೆಕ್ಕ ಜೀವನದಲ್ಲಿ ಇನ್ನೊಂದು ಮಾಡಿರಲಿಲ್ಲ.

“ಗ್ವಾಡಿಗೆ ಎಷ್ಟ ಜಾಗಾ ಬಿಟ್ಟೀರಿ?” ಎಂದು ಚನ್ನಬಸವ ಕೇಳಿದ.

ಗೋಡೆ ಎಂದರೆ ನನ್ನ ಕಾಗದದಲ್ಲಿ ಒಂದು ಪೆನ್ಸಿಲ್ ಗೆರೆ. ಅವನು ಹಗ್ಗದ ಪಕ್ಕ ದಿಮ್ಮಿಯ ತುಂಡುಗಳನ್ನು ಉರುಳಿಸಿ ತೋರಿಸಿದ. ಒಂದೊಂದು ದಿಮ್ಮಿ ಹತ್ತಿಂಚು ದಪ್ಪ. ಹೊರಗಿನ ಗೋಡೆ ಎರಡು, ನಡುವಿನವು ಎರಡು. ನಾನು ಅಡುಗೆಮನೆಯ ಕಡೆಯಿಂದ ಅಳೆಯುತ್ತ ಬಂದದ್ದರಿಂದ ನಾಲ್ಕೂ ಗೋಡೆಯ ದಪ್ಪ ಹೋಗಿ ಬಿದ್ದದ್ದು ಕೊನೆಯಲ್ಲಿದ್ದ ಅಕ್ಕನ ಕೋಣೆಯ ಮೇಲೆ. ಉಳಿದದ್ದು ಒಂದು ಬಾಳೆ, ಪಕ್ಕದಲ್ಲಿ ಒಂದು ನೀರಿನ ಲೋಟ.

ಕಟ್ಟುತ್ತ ಕಟ್ಟುತ್ತ ಸರಿ ಮಾಡಿದರಾಯಿತಲ್ಲ ಎಂದೆ. ಅವನು ತಲೆಯಾಡಿಸಿದ. ಇಟ್ಟಿಗೆಯ ಮನೆಯಲ್ಲಾದರೆ ಒಳಗೋಡೆ ನಾಳೆ ಕಟ್ಟಬಹುದು, ನಾಡಿದ್ದು ಒಡೆಯಬಹುದು. ದಿಮ್ಮಿಯ ಮನೆಯಲ್ಲಿ ಒಳಗೋಡೆಯ ತುದಿ ಹೊರಗೋಡೆಯನ್ನು ಮೊದಲ ಸಾಲಿನಿಂದಲೇ ಕಚ್ಚಿಕೊಂಡು ಮೇಲೆ ಹೋಗಬೇಕು. ಕಚ್ಚು ಕೊಯ್ದ ಮೇಲೆ ಗೋಡೆ ಅಲ್ಲಾಡುವುದಿಲ್ಲ. ನಾಳೆ ಬೆಳಿಗ್ಗೆ ಕೊಯ್ಯುವುದು, ಯಾವ ಗೋಡೆ ಎಲ್ಲಿ ಎಂಬುದನ್ನು ಇವತ್ತೇ ಹೇಳಬೇಕು ಎಂದ.

ನಾನು ಪಕ್ಕದ ತೋಟದಿಂದ ಎಲೆ ಕೊಯ್ದು ತಂದು, ಜಗುಲಿಯ ಜಾಗದಲ್ಲಿ ಎರಡು ಸಾಲು ಹಾಸಿ, ಹಾರದಂತೆ ಒಂದೊಂದು ಕಲ್ಲಿಟ್ಟೆ. ಇಪ್ಪತ್ನಾಲ್ಕು ಎಲೆ. ನೋಡಿದರೆ ಸರಿಯಾಗಿ ಕಂಡಿತು. ಅಕ್ಕನ ಕೋಣೆಯ ಕಡೆ ತಿರುಗಿದರೆ ಯಾವುದೂ ಸರಿಯಿರಲಿಲ್ಲ. ಅಡುಗೆಮನೆಯಿಂದ ಒಂದು ಬಾಳೆ ತೆಗೆಯಲೇ ಎಂದು ಶರಾವತಿಯನ್ನು ಕೇಳಿದೆ.

“ಅಡುಗೆಮನೆಗೆ ಕೈ ಹಚ್ಚಿರೆ ನಾಳಿಂದ ಮನೇಲೂ ನೀವೇ ಅಡುಗೆ ಮಾಡಿ,” ಎಂದಳು. ಹೊರಗೆ ಸಾವಿರ ಜನಕ್ಕೆ ಬೇಯಿಸಿದರೂ ಮನೆಯಲ್ಲಿ ಚಹಾ ಕಾಸಿದವನಲ್ಲ ನಾನು. ನಮ್ಮ ಕೋಣೆಯನ್ನು ಕಿರಿದು ಮಾಡೋಣವೆಂದರೆ ಅವಳ ತವರಿನಿಂದ ಬಂದ ಮಂಚ ಒಳಗೆ ಹೋಗುವುದಿಲ್ಲ. ಗೂಟ ಕಿತ್ತೆ, ನೆಟ್ಟೆ, ಮತ್ತೆ ಕಿತ್ತೆ. ಮಧ್ಯಾಹ್ನದ ಹೊತ್ತಿಗೆ ಯಾವ ಗೂಟ ನಿನ್ನೆಯದು, ಯಾವುದು ಇವತ್ತಿನದು ಎಂಬುದೇ ಗೊತ್ತಾಗದೆ, ಅಡುಗೆಮನೆಯ ಒಳಗೆ ನಿಂತು ಅಡುಗೆಮನೆ ಎಲ್ಲಿ ಎಂದು ಕೇಳಿದೆನಂತೆ. ಶರಾವತಿ ಇದನ್ನು ಈಗಲೂ ಹೇಳುತ್ತಾಳೆ.

ಅಕ್ಕ ಸೀತಮ್ಮ ಮಾತ್ರ ದಿಮ್ಮಿಯೊಂದರ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದಳು. ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಬಾವ ಹೋದ ಮೇಲೆ ನಮ್ಮ ಜೊತೆಯೇ ಇದ್ದಾಳೆ. ಇಷ್ಟು ವರ್ಷವೂ ಅವಳು ಮಲಗಿದ್ದು ಬೇರೆಯವರು ಎದ್ದು ಓಡಾಡುವ ದಾರಿಯಲ್ಲಿ. ಬೆಳಿಗ್ಗೆ ಮೊದಲು ಎದ್ದವರು ಅವಳನ್ನು ದಾಟಿಯೇ ಹೋಗಬೇಕು. ಮರ ಕಡಿದ ದಿನ ನಾನು ಅವಳಿಗೆ ಮಾತು ಕೊಟ್ಟಿದ್ದೆ, ಒಳಗಿನಿಂದ ಚಿಲಕ ಹಾಕಿಕೊಳ್ಳುವಂಥ ಒಂದು ಕೋಣೆ ನಿನಗೆ ಎಂದು.

ನಾನು ಹತ್ತಿರ ಹೋದದ್ದೇ ತಡ, ಅವಳೇ ಹೇಳಿದಳು. “ಯಂಗೆ ಎಂತಕ್ಕಾ ಕೋಣೆ? ಬ್ಯಾಡದಾ ತಮಾ. ಎಲ್ಲಾದ್ರೂ ಒಂದ್ ಬದಿಗೆ ಬಿದ್ಕಂಡ್ರೆ ಆತು. ನಿನ್ನ ಪಂಕ್ತಿ ತುಂಡು ಮಾಡಡ.”

ಮೂವತ್ತು ವರ್ಷ ಬಡಿಸಿದವನಿಗೆ ಒಂದು ವಿದ್ಯೆ ಬಂದಿರುತ್ತದೆ. ಬೇಡ ಎನ್ನುತ್ತ ಎಲೆಗೆ ಕೈ ಅಡ್ಡ ಹಿಡಿಯುವವರಲ್ಲಿ, ಅಂಗೈ ಎಲೆಗೆ ಮುಟ್ಟಿಸಿದವರಿಗೆ ನಿಜವಾಗಿ ಬೇಡ. ಬೆರಳು ಬಿಡಿಸಿ ಮೇಲೆ ಹಿಡಿದವರಿಗೆ ಇನ್ನೊಂದು ಹೋಳಿಗೆ ಹಾಕಿಯೇ ಮುಂದೆ ಹೋಗಬೇಕು. ದೂರದಿಂದಲೇ ಗೊತ್ತಾಗುತ್ತದೆ ನನಗೆ. ಆದರೆ ಅಕ್ಕನ ಕೈ ಮಡಿಲಲ್ಲಿತ್ತು, ಸೆರಗಿನ ಕೆಳಗೆ. ಮುಖ ನೋಡಿದರೆ ಬೇಡ ಎಂದೇ ಇತ್ತು. ಅವಳು ಬೇಡ ಎಂದದ್ದು ನನಗೆ ಒಳಗೊಳಗೇ ಹಿತವಾಗಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಅದಕ್ಕೇ ಮತ್ತೆ ಕೇಳಲು ಬಾಯಿ ಬರಲಿಲ್ಲ.

ಆ ಜಾಗ ಉಪ್ಪಿನಕಾಯಿ ಭರಣಿ ಇಡಲು ಆದೀತು, ಗೋಡೆ ಇದ್ದಲ್ಲೇ ಇರಲಿ ಎಂದು ಚನ್ನಬಸವನಿಗೆ ಹೇಳಿದೆ. ಅವನು ಪೆನ್ಸಿಲ್ಲು ತೆಗೆದ, ಬರೆಯಲಿಲ್ಲ. ಅಕ್ಕನಿಗೆ ಕೇಳಿಸದ ಹಾಗೆ ನನ್ನ ಕಿವಿಯ ಹತ್ತಿರ ಬಂದು ಹೇಳಿದ.

“ಮತ್ತ ಅಕ್ಕಾರ ಚಿಲಕಾ ಏನ ಮಾಡೂದ್ರಿ? ಮುಂಜಾನೆ ನನಗ ತೋರ್ಸಿದ್ರು. ದುಂಡನ ಕಟಗಿಗೆ ಇದು ಕೂಡತೈತೇನು ಅಂತ ಕೇಳಿದ್ರು.”

ಯಾವ ಚಿಲಕ ಎಂದು ನನಗೆ ತಿಳಿಯಲಿಲ್ಲ. ನಾನು ಯಾವುದನ್ನೂ ತಂದಿರಲಿಲ್ಲ. ಶರಾವತಿಯ ಮುಖ ನೋಡಿದೆ. ಅವಳಿಗೂ ಗೊತ್ತಿರಲಿಲ್ಲ. ಅಕ್ಕನ ಹತ್ತಿರ ಹೋಗಿ ಕೈ ತೋರಿಸು ಎಂದೆ. ಅವಳು ಸೆರಗು ಸರಿಸಿದಳು. ಶಿರಸಿ ಪೇಟೆಯ ಅಂಗಡಿಯ ಕಾಗದ ಸುತ್ತಿದ ಹಿತ್ತಾಳೆಯ ಚಿಲಕ, ನಾಲ್ಕು ಮೊಳೆ ಸಮೇತ. ಕಾಗದ ಮಡಿಕೆಗಳಲ್ಲಿ ಹರಿದಿತ್ತು. ತಂದು ಬಹಳ ದಿನವಾಗಿರಬೇಕು.

“ಅಕ್ಕಾ, ನಿಂಗೆ ಕೋಣೆ ಬೇಕ, ಬ್ಯಾಡ್ದ? ಸರಿಯಾಗಿ ಹೇಳು.”

ಅವಳು ಹಾಸಿದ ಎಲೆಗಳ ಕಡೆ ನೋಡಿದಳು. “ಬಾಳೆ ಅಂಗಳದಲ್ಲೂ ಹಾಕಲಾಗ್ತು ತಮಾ, ಮೇಲೊಂದು ಚಪ್ಪರ ಇದ್ರೆ. ಅಂಗಳದಲ್ಲಿ ಮಲಗಲೆ ಆಗ್ತಿಲ್ಲೆ.”

ನಾನು ಜಗುಲಿಯ ತುದಿಗೆ, ಹಿಂದೆ ಅಡುಗೆಮನೆ ಬರುವ ಕಡೆಗೆ, ಹೋಗಿ ನಿಂತು ಅಕ್ಕನ ಕೋಣೆ ಇಲ್ಲೇ ಇರಲಿ ಎಂದೆ. ಒಂದು ಸಾಲಿನಿಂದ ಎರಡು ಎಲೆ ಎತ್ತಿದೆ. ಚನ್ನಬಸವ ಸಾಲದು ಎಂದು ತಲೆಯಾಡಿಸಿದ. ಮೂರು. ನಾಲ್ಕು. ಎದುರು ಸಾಲಿನಿಂದಲೂ ನಾಲ್ಕು. ಆಗ ಅವನು ಟೇಪು ಎಳೆದು, ದಿಮ್ಮಿಯ ದಪ್ಪ ಕಳೆದು, ಏಳೂವರೆ ಅಡಿ ಎಂದ. ಎಂಟಕ್ಕೆ ಎಂಟು, ಹದಿನಾರು ಜನ. ಇಪ್ಪತ್ನಾಲ್ಕರಲ್ಲಿ ಯಾವ ಎಂಟು ಮಂದಿಯನ್ನು ಎರಡನೇ ಪಂಕ್ತಿಗೆ ಕಾಯಿಸುವುದು ಎಂದು ಆಗಲೇ ತಲೆ ಗಿರ್ರೆಂದಿತು. ಎಲ್ಲರೂ ಸಂಬಂಧಿಕರೇ.

ಹಗ್ಗ ಕಟ್ಟಿ ಮುಗಿಸಿ ಚನ್ನಬಸವ ಅಕ್ಕನನ್ನು ಕೇಳಿದ. “ಬಾಗ್ಲಾ ಯಾ ಕಡಿ ಇಡ್ಲಿ? ಹಿಂದ ಅಡಿಗಿಮನಿ ಕಡಿನೋ, ಜಗಲಿ ಕಡಿನೋ?”

“ಜಗುಲಿ ಕಡೆಗೆ,” ಎಂದಳು ಅಕ್ಕ. “ಪಂಕ್ತಿ ಕಾಣ್ತು.”

ಅವನು ಎರಡು ಗೂಟ ಹೊಡೆದು ನಡುವಿನ ಹಗ್ಗ ಬಿಚ್ಚಿದ. ಅಕ್ಕ ದಿಮ್ಮಿಯಿಂದ ಎದ್ದು, ಜಗುಲಿಯನ್ನು ಹಾದು, ಆ ಎರಡು ಗೂಟಗಳ ನಡುವಿನಿಂದ ಒಳಗೆ ಬಂದಳು. ನಾನು ಎಂಟು ಎಲೆ ಕಂಕುಳಲ್ಲಿ ಹಿಡಿದು ಇನ್ನೂ ಆ ಕೋಣೆಯ ಮೂಲೆಯಲ್ಲೇ ಇದ್ದೆ. ಹತ್ತಿರದ ಹಗ್ಗ ದಾಟಿ ಹೋಗಲೆಂದು ಕಾಲು ಎತ್ತಿದವನು ಕೆಳಗಿಟ್ಟೆ. ಅವಳ ಪಕ್ಕದಿಂದ ಸುತ್ತಿ ಹೋಗಿ ಬಾಗಿಲಿನಿಂದಲೇ ಹೊರಗೆ ಬಂದೆ.