ತೊರೆಗಡ್ಡೆ ಸೇತುವೆಯ ಕವರು

ತೊರೆಗಡ್ಡೆ ಸೇತುವೆಯ ಕವರು ಲತಾಮಣಿಗೆ ಸಿಕ್ಕಿದೆ ಎಂಬ ಸುದ್ದಿ ಬಂದಾಗ ಗಿರಿಜಾಂಬ ಚಟ್ನಿಗೆ ಒಗ್ಗರಣೆ ಇಟ್ಟಿದ್ದರು. ಫೋನು ಮಾಡಿದವಳು ಲತಾಮಣಿಯೇ. ಬಸ್ಸಿನ ಗದ್ದಲದ ನಡುವೆ ಕೂಗಿ ಹೇಳುತ್ತಿದ್ದಳು.

"ಅಕ್ಕ, ಸಿಕ್ಬುಡ್ತು ಕಣಕ್ಕ. ನೀವು ಯಾವಾಗ್ಲೂ ಹೇಳ್ತಿದ್ರಲ್ಲ, ಆ ತೊರೆಗಡ್ಡೆದು. ಕನಕಪುರದಲ್ಲಿ ಒಬ್ರು ಯಜಮಾನ್ರು ಕೊಟ್ಬುಟ್ರು. ಭಾನ್ವಾರ ತಕ್ಕೊಂಡ್ ಬತ್ತೀನಿ, ಒಸಿ ನೋಡ್ಬುಡಿ."

"ಸಂತೋಷ ಕಣಮ್ಮ, ಬಾ" ಎಂದರು ಗಿರಿಜಾಂಬ. ಫೋನಿಟ್ಟು ತಿರುಗಿದರೆ ಸಾಸಿವೆ ಕರಿಕಲಾಗಿತ್ತು.

ಗಿರಿಜಾಂಬನವರಿಗೆ ಅರವತ್ತೆರಡು. ಅಂಚೆ ಇಲಾಖೆಯಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತರಾಗಿ, ಕಾಲೇಜಿನಲ್ಲಿ ಪಾಠ ಹೇಳುವ ಮಗಳು ಐಶ್ವರ್ಯಳ ಜೊತೆ ಚನ್ನಪಟ್ಟಣದಲ್ಲಿದ್ದರು. ಕೆಲಸಕ್ಕೆ ಸೇರಿದ ವರ್ಷದಿಂದಲೂ ಅಂಚೆಚೀಟಿ ಕೂಡಿಸುತ್ತಿದ್ದರು. ಅದೂ ಒಂದೇ ವಿಷಯದ ಮೇಲೆ, ಸೇತುವೆ. ಹೌರಾ, ಪಾಂಬನ್, ಸಿಡ್ನಿ, ಲಂಡನ್ನು ಎಂದು ಏಳು ಆಲ್ಬಮ್ಮು ತುಂಬಿದ್ದವು. ಒಂದೊಂದು ಚೀಟಿಗೂ ಪತ್ರ ಬರೆದು, ಉತ್ತರಕ್ಕೆ ಕಾದು, ಮತ್ತೆ ಬರೆದು ತರಿಸಿಕೊಂಡದ್ದು.

ಈ ಹುಚ್ಚಿಗೆ ಮೂಲ ಅವರ ಅಪ್ಪ ಚನ್ನಲಿಂಗಪ್ಪ. ಕಲ್ಲುಕೆಲಸದ ಮೇಸ್ತ್ರಿ. ಕನಕಪುರದಾಚೆ ಅರ್ಕಾವತಿಗೆ ತೊರೆಗಡ್ಡೆ ಸೇತುವೆ ಕಟ್ಟಿದಾಗ ಅದರ ಐದೂ ಕಲ್ಲುಕಂಬಗಳು ಅವರ ಉಸ್ತುವಾರಿಯಲ್ಲಿ ಎದ್ದಿದ್ದವು. ೧೯೭೭ರಲ್ಲಿ ಸೇತುವೆ ತೆರೆದ ದಿನ ಊರಿನ ಹೈಸ್ಕೂಲು ಮೇಷ್ಟ್ರೊಬ್ಬರು ಸೇತುವೆಯ ಚಿತ್ರವಿರುವ ನೂರು ಕವರು ಅಚ್ಚು ಹಾಕಿಸಿ, ಅಂಚೆಯವರಿಂದ ಆ ಒಂದು ದಿನಕ್ಕೆಂದೇ ಮಾಡಿಸಿದ ಠಸ್ಸೆ ಒತ್ತಿಸಿ ಹಂಚಿದ್ದರು. ಅಪ್ಪ ಒಂದನ್ನು ತಂದು ಹದಿನಾಲ್ಕು ವರ್ಷದ ಗಿರಿಜೆಯ ಕೈಗಿಟ್ಟಿದ್ದರು. ಅದು ಟ್ರಂಕಿನಲ್ಲಿ ಗೆದ್ದಲು ತಿಂದು ಹೋಯಿತು. ಆಮೇಲೆ ಅಪ್ಪನೂ ಹೋದರು. ಇನ್ನೊಂದು ಪ್ರತಿಗಾಗಿ ಗಿರಿಜಾಂಬ ಕೇಳದ ಜನವಿಲ್ಲ. ನೂರರಲ್ಲಿ ಒಂದೂ ಕಣ್ಣಿಗೆ ಬಿದ್ದಿರಲಿಲ್ಲ.

ಲತಾಮಣಿ ಚನ್ನಪಟ್ಟಣ-ಕನಕಪುರ ಬಸ್ಸಿನ ಕಂಡಕ್ಟರು. ಮೂವತ್ತೆಂಟರ ಹೆಂಗಸು, ಸೋಲೂರಿನ ಕಡೆಯವಳು. ಆರು ವರ್ಷದ ಹಿಂದೆ ರಿಜಿಸ್ಟರ್ಡ್ ಪೋಸ್ಟ್ ಮಾಡಲು ಬಂದವಳು ಗಿರಿಜಾಂಬನವರ ಮೇಜಿನ ಮೇಲಿದ್ದ ಚೀಟಿ ನೋಡಿ, "ಇದ್ಯಾವ್ ಬ್ರಿಜ್ಜು, ರೈಲು ಸಮುದ್ರದ್ ಮ್ಯಾಲೆ ಹೋಯ್ತಾ ಐತಲ್ಲ" ಎಂದು ಬೆರಗಾಗಿ ನಿಂತಿದ್ದಳು. ಗಿರಿಜಾಂಬನವರಿಗೆ ಖುಷಿಯಾಗಿ ಆ ಚೀಟಿಯನ್ನೇ ಕೊಟ್ಟರು. ಚಿಮುಟದಲ್ಲಿ ಹಿಡಿಯುವುದು, ಹಳೆಯ ಲಕೋಟೆಯಿಂದ ಚೀಟಿಯನ್ನು ನೀರಲ್ಲಿ ನೆನೆಸಿ ಬಿಡಿಸುವುದು, ಭೂತಗನ್ನಡಿಯಲ್ಲಿ ಠಸ್ಸೆ ಪರೀಕ್ಷಿಸುವುದು, ಎಲ್ಲ ಕಲಿಸಿದರು. ನನ್ನ ಶಿಷ್ಯೆ ಎಂದು ಹೇಳಿಕೊಂಡು ತಿರುಗಿದರು.

ಆಮೇಲೆ ಶಿಷ್ಯೆಗೆ ಒಂದೊಂದೇ ಬರತೊಡಗಿತು. ಬಸ್ಸಿನಲ್ಲಿ ಅವಳಿಗೆ ಪರಿಚಯವಿಲ್ಲದವರೇ ಇಲ್ಲ. ಯಾರದೋ ಮಗ ದುಬೈಯಿಂದ ಕಳಿಸಿದ, ಯಾರದೋ ಮನೆ ಅಟ್ಟದಲ್ಲಿ ಸಿಕ್ಕಿತು. ಬಾಸ್ನಿಯಾ ದೇಶದ ಹಳೆ ಸೇತುವೆಯ ಚೀಟಿಗಾಗಿ ಗಿರಿಜಾಂಬ ಎರಡು ವರ್ಷ ಪತ್ರ ಬರೆದು ಸೋತಿದ್ದರು. ರಾಮನಗರದ ರೇಷ್ಮೆಗೂಡಿನ ವ್ಯಾಪಾರಿ ಓವೈಸ್ ಅದನ್ನು ಟಿಕೆಟ್ ತೆಗೆದುಕೊಳ್ಳುತ್ತ ಲತಾಮಣಿಯ ಕೈಗೆ ಹಾಕಿ ಇಳಿದು ಹೋಗಿದ್ದ. ಅವಳು ಅದನ್ನು ತೋರಿಸಿದ ದಿನ ಗಿರಿಜಾಂಬ, "ಚೀಟಿ ಸೊಟ್ಟಗೆ ಅಂಟಿಸಿದ್ದೀಯಲ್ಲೇ" ಎಂದಷ್ಟೇ ಹೇಳಿದರು. ಅಲ್ಲಿಂದ ಮುಂದೆ ಅವಳು ಬಂದಾಗಲೆಲ್ಲ ಅವರ ಕಣ್ಣು ಆಲ್ಬಮ್ಮಿನ ದಪ್ಪ ಅಳೆಯುತ್ತಿತ್ತು. ಅವಳು ಕಾಫಿ ಕುಡಿದು ಹೋದ ಮೇಲೆ ಎದೆಯ ಕೆಳಗೆ ಏನೋ ಉರಿ. ಅದಕ್ಕೆ ಅವರು ಗ್ಯಾಸ್ಟ್ರಿಕ್ ಎಂದು ಹೆಸರಿಟ್ಟು ಮಾತ್ರೆ ನುಂಗುತ್ತಿದ್ದರು.

ಭಾನುವಾರ ಲತಾಮಣಿ ಬಂದಳು. ಮದುವೆ ಕರೆಯೋಲೆಯ ಲಕೋಟೆಯೊಳಗಿಂದ ಕವರು ತೆಗೆದು ಮೇಜಿನ ಮೇಲಿಟ್ಟಳು. ಅಂಚು ಹಳದಿಗಟ್ಟಿತ್ತು. ಎಡಗಡೆ ನೀಲಿ ಶಾಯಿಯಲ್ಲಿ ಐದು ಕಂಬದ ಸೇತುವೆ, ಬಲಗಡೆ ಇಪ್ಪತ್ತೈದು ಪೈಸೆಯ ಚೀಟಿ, ಅರ್ಧ ಅದರ ಮೇಲೆ, ಅರ್ಧ ಕವರಿನ ಮೇಲೆ ಬಿದ್ದ ಗುಂಡನೆಯ ಠಸ್ಸೆ.

ಗಿರಿಜಾಂಬ ಭೂತಗನ್ನಡಿ ಹಿಡಿದರು. ಬೇಕಿರಲಿಲ್ಲ. ಠಸ್ಸೆಯ ಅಚ್ಚಿನಲ್ಲೇ 'ಡ್ಡೆ' ಅಕ್ಷರದ ಒತ್ತು ಮುರಿದಿತ್ತು. ಹದಿನಾಲ್ಕನೇ ವಯಸ್ಸಿನಲ್ಲಿ ದಿನವೂ ನೋಡಿದ್ದ ಅದೇ ಮುರುಕು. ಕಂಬಗಳನ್ನು ನೋಡುತ್ತ ಅವರ ಕಣ್ಣು ಮಂಜಾಯಿತು.

"ರಾಮನಗರದಲ್ಲಿ ಮುಂದಿನ್ ತಿಂಗ್ಳು ಪ್ರದರ್ಶನ ಐತಲ್ಲಕ್ಕ, ಅದಕ್ಕೆ ಹಾಕ್ತೀನಿ" ಎನ್ನುತ್ತಿದ್ದಳು ಲತಾಮಣಿ. "ಜಿಲ್ಲೇಲೇ ಯಾರತ್ರನೂ ಇಲ್ಲ ಅಂದಿದ್ರಿ ನೀವು. ಮೊದಲ್ನೇ ಬಹುಮಾನ ಬಂದ್ರೂ ಬರ್ಬೋದು, ಅಲ್ವಾ?"

ಗಿರಿಜಾಂಬ ತಲೆ ಎತ್ತಲಿಲ್ಲ. "ಚೀಟಿ ಅಸಲಿ ಕಣಮ್ಮ" ಎಂದರು. "ಠಸ್ಸೆ ಆಮೇಲೆ ಯಾರೋ ಒತ್ತಿರೋದು."

"ಹಂಗಂದ್ರೆ ಡೂಪ್ಲಿಕೇಟಾ?"

"ಹೌದು. ಪ್ರದರ್ಶನಕ್ಕೆ ಹಾಕಿದ್ರೆ ತೀರ್ಪು ಕೊಡೋರು ನಗ್ತಾರೆ."

ಲತಾಮಣಿಯ ಮುಖ ಸಣ್ಣಗಾಯಿತು. "ಆ ಯಜಮಾನ್ರು ಸುಳ್ಳು ಹೇಳೋ ತರ ಕಾಣ್ನಿಲ್ಲ ಕಣಕ್ಕ" ಎಂದಳು ಮೆಲ್ಲಗೆ. ಮತ್ತೆ ತಾನೇ, "ನಿಮ್ಗೆ ಗೊತ್ತಾಗ್ದೆ ಇನ್ಯಾರ್ಗೆ ಗೊತ್ತಾಯ್ತದೆ ಬುಡಿ" ಎಂದು ಕವರನ್ನು ಲಕೋಟೆಗೆ ಸೇರಿಸಿ ಎದ್ದಳು. 'ಇಲ್ಲೇ ಬಿಟ್ಟು ಹೋಗು' ಎಂಬ ಮಾತು ಗಿರಿಜಾಂಬನವರ ನಾಲಗೆಯವರೆಗೆ ಬಂದಿತ್ತು. ಅದನ್ನು ಆಡುವಷ್ಟು ಧೈರ್ಯ ಬರಲಿಲ್ಲ.

ಎರಡು ದಿನ ಅವರಿಗೆ ಮೈ ಹಗುರಾಗಿತ್ತು. ಎದೆಯುರಿಯೂ ಇರಲಿಲ್ಲ. ಮೂರನೆಯ ದಿನ ಊಟಕ್ಕೆ ಕೂತಾಗ ಐಶ್ವರ್ಯ ಕೇಳಿದಳು: "ಅದು ನಿಜವಾಗ್ಲೂ ಡೂಪ್ಲಿಕೇಟಾಮ್ಮ? ಅಷ್ಟು ಹೊತ್ತು ನೀನು ನೋಡ್ತಾ ಕೂತಿದ್ದೆ."

"ನಿನಗೇನು ಗೊತ್ತಾಗುತ್ತೆ, ಸುಮ್ಮನೆ ಉಣ್ಣು" ಎಂದು ಗದರಿಸಿದರು. ಆದರೆ ಆಮೇಲೆ ಅವರಿಗೇ ಅನ್ನ ಸೇರಲಿಲ್ಲ.

ಹದಿನೈದು ದಿನ ಒದ್ದಾಡಿ ಒಂದು ಉಪಾಯ ಹುಡುಕಿಕೊಂಡರು. 'ನನಗೇ ಅನುಮಾನ ಬಂದಿದೆ, ಇನ್ನೊಂದು ಸಲ ತಾ, ನೋಡೋಣ' ಎನ್ನುವುದು. ನೋಡಿ, ತಪ್ಪಾಗಿತ್ತು, ಅಸಲಿಯೇ ಎನ್ನುವುದು. ಸುಳ್ಳೂ ಅಳಿಸಿಹೋಗುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಮಾರನೆಯ ದಿನ ಬೆಳಿಗ್ಗೆ ಚನ್ನಪಟ್ಟಣದ ಬಸ್ ನಿಲ್ದಾಣಕ್ಕೆ ಹೋದರು. ಲತಾಮಣಿ ಬಸ್ಸಿನ ಪಕ್ಕ ನಿಂತು ಟೀ ಕುಡಿಯುತ್ತಿದ್ದಳು. ಇವರನ್ನು ಕಂಡು ಲೋಟ ಇಟ್ಟು ಬಂದಳು.

ಗಿರಿಜಾಂಬ ಮಾತು ತೆಗೆಯುವ ಮೊದಲೇ ಬ್ಯಾಗಿನಿಂದ ಒಂದು ಪುಟ್ಟ ಪ್ಲಾಸ್ಟಿಕ್ ಚೀಲ ತೆಗೆದು ತೋರಿಸಿದಳು. ಒಳಗೆ ಇಪ್ಪತ್ತೈದು ಪೈಸೆಯ ಚೀಟಿ. ಅದರ ಮೇಲೆ ಅರ್ಧ ಠಸ್ಸೆ.

"ಸ್ಟ್ಯಾಂಪ್ ಅಸಲಿ ಅಂದ್ರಲ್ಲಕ್ಕ. ಅದನ್ನಾದ್ರೂ ಉಳಿಸ್ಕಳವ ಅಂತ ನೀರಲ್ಲಿ ನೆನೆಹಾಕಿ ಬುಡುಸ್ದೆ. ನೀವ್ ಹೇಳ್ಕೊಟ್ಟಂಗೇ. ಅಂಚಿನ್ ಒಂದ್ ಹಲ್ಲೂ ಹರೀಲಿಲ್ಲ ನೋಡಿ."

"ಕವರು?"

"ಮನೇಲೈತೆ. ನೀರ್ ಬಿದ್ದು ಬ್ರಿಜ್ಜಿನ್ ಚಿತ್ರ ಎಲ್ಲ ಹರಡ್ಕಬುಡ್ತು."

ಗಿರಿಜಾಂಬ ಪಕ್ಕದ ಸಿಮೆಂಟು ಬೆಂಚಿನ ಮೇಲೆ ಕೂತುಬಿಟ್ಟರು. ನೂರರಲ್ಲಿ ಉಳಿದಿದ್ದ ಒಂದು. ಲತಾಮಣಿ ಅದನ್ನು ಗಮನಿಸದೆ ತನ್ನದೇ ಬೇಸರ ಹೇಳಿಕೊಳ್ಳುತ್ತಿದ್ದಳು.

"ಕವರು ಹೋದ್ರೆ ಹೋಯ್ತದೆ. ಆ ಯಜಮಾನ್ರಿಗೆ, ಬೋರಲಿಂಗಯ್ಯ ಅಂತ, ಡೂಪ್ಲಿಕೇಟಂತೆ ಅಂದ್ಬುಟ್ಟೆ ನಾನು. ಮನೆಯೋರೆಲ್ಲ ಅಲ್ಲೇ ಇದ್ರು. ಮಗ ನಗಾಡ್ದ. 'ನನ್ ಕಣ್ಮುಂದೇನೇ ಸೀಲ್ ಒತ್ತುದ್ರು ಅಂತ ನಮ್ಮಪ್ಪ ಇಷ್ಟ್ ವರ್ಸದಿಂದ ಬುರುಡೆ ಬುಡ್ತಿದ್ದ' ಅಂದ. ಯಜಮಾನ್ರು ಎದ್ದು ಒಳೀಕ್ ಹೋಗ್ಬುಟ್ರು. ವಾರಕ್ಕೆರಡು ಸಲ ಬಸ್ಸಿಗ್ ಬರೋರು, ಅವತ್ತಿಂದ ಬಂದಿಲ್ಲ."

ಡ್ರೈವರು ಹಾರನ್ ಮಾಡಿದ. ಜನ ಹತ್ತತೊಡಗಿದರು. ಗಿರಿಜಾಂಬ ಕಟ್ಟಿಕೊಂಡು ಬಂದಿದ್ದ ಮಾತು ಈಗ ಯಾವ ಉಪಯೋಗಕ್ಕೂ ಇರಲಿಲ್ಲ.

"ಲತಾ, ಅದು ಅಸಲಿ" ಎಂದರು.

"ಯಾವ್ದು?"

"ಕವರು. ನೋಡಿದ ತಕ್ಷಣ ನನಗೆ ಗೊತ್ತಾಯ್ತು. ಬೇಕಂತಲೇ ಸುಳ್ಳು ಹೇಳ್ದೆ."

ಲತಾಮಣಿ ಅರ್ಥವಾಗದವಳಂತೆ ನಿಂತಳು. "ಯಾಕೆ?"

"ಹೊಟ್ಟೆಕಿಚ್ಚು. ಇನ್ನೇನು ಹೇಳ್ಲಿ. ನನಗೆ ಸಿಗದೇ ಇದ್ದದ್ದು ನಿನಗೆ ಸಿಕ್ತಲ್ಲ ಅಂತ."

ಲತಾಮಣಿ ಕೂಗಾಡಲಿಲ್ಲ. ಕೈಯಲ್ಲಿದ್ದ ಚೀಟಿಯನ್ನು ಒಮ್ಮೆ ನೋಡಿ ಬ್ಯಾಗಿಗೆ ಹಾಕಿದಳು. "ಬಸ್ ಹತ್ತಿ" ಎಂದಳು.

"ಎಲ್ಲಿಗೆ?"

"ಕನಕಪುರಕ್ಕೆ. ಆ ಯಜಮಾನ್ರ ಮನೆಗೆ. ನಂಗ್ ಹೇಳಿದ್ದನ್ನ ಅವ್ರ ಮುಂದೆ ಹೇಳಿ."

ಹತ್ತಿದರು. ಟಿಕೆಟ್ ಕೊಡುತ್ತ ಬಂದ ಲತಾಮಣಿ ಇವರ ಸೀಟಿನ ಬಳಿ ನಿಂತು, "ಆಧಾರ್ ತೋರ್ಸಿ" ಎಂದಳು. ಹೆಂಗಸರಿಗೆ ಕೊಡುವ ಉಚಿತ ಟಿಕೆಟ್ಟಿಗೆ ಎಲ್ಲರನ್ನೂ ಕೇಳುವಂತೆಯೇ ಕೇಳಿದಳು. ಈವರೆಗೆ ಒಮ್ಮೆಯೂ ಇವರನ್ನು ಹಾಗೆ ಕೇಳಿದ್ದಿಲ್ಲ. ಗಿರಿಜಾಂಬ ಕಾರ್ಡು ತೆಗೆದು ತೋರಿಸಿದರು.

ಕನಕಪುರದಲ್ಲಿ ಬಸ್ಸು ನಲವತ್ತು ನಿಮಿಷ ನಿಲ್ಲುತ್ತಿತ್ತು. ಬೋರಲಿಂಗಯ್ಯನವರ ಮನೆ ಹತ್ತಿರದಲ್ಲೇ. ಮುಂದೆ ಮಗ ಲೋಕೇಶನ ಪಶುಆಹಾರದ ಅಂಗಡಿ, ಹಿಂದೆ ಮನೆ. ಎಪ್ಪತ್ತೈದು ದಾಟಿದ ಮುದುಕರು ಹಿಂಡಿ ಮೂಟೆಗಳ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಲತಾಮಣಿಯನ್ನು ಕಂಡು ಮುಖ ತಿರುಗಿಸಿದರು.

ಗಿರಿಜಾಂಬ ನಿಂತುಕೊಂಡೇ ಹೇಳಿದರು. ತಾನು ಯಾರು, ಕವರು ನೋಡಿ ಏನಂದೆ, ಯಾಕಂದೆ, ಎಲ್ಲವನ್ನೂ. ಲೋಕೇಶ ತೂಗುತ್ತಿದ್ದ ಕೈ ನಿಲ್ಲಿಸಿ ಕೇಳುತ್ತಿದ್ದ. ಕೊನೆಗೆ, "ಆ ಕಂಬ ಕಟ್ಟಿದ ಮೇಸ್ತ್ರಿ ಚನ್ನಲಿಂಗಪ್ಪ ನಮ್ಮ ತಂದೆ" ಎಂದರು. ಲತಾಮಣಿ ಸರ್ರನೆ ಇವರ ಕಡೆ ತಿರುಗಿದಳು. ಅದು ಅವಳಿಗೂ ಗೊತ್ತಿರಲಿಲ್ಲ; ಆ ಕವರು ಯಾಕೆ ಬೇಕೆಂದು ಇವರು ಯಾರಿಗೂ ಹೇಳಿರಲಿಲ್ಲ.

ಬೋರಲಿಂಗಯ್ಯ ಕುರ್ಚಿ ಮುಂದಕ್ಕೆಳೆದುಕೊಂಡರು. "ಚನ್ನಲಿಂಗಪ್ಪನ ಮಗಳಾ ನೀನು" ಎಂದರು. "ನಾನಲ್ಲಿ ವರ್ಕ್ ಇನ್ಸ್‌ಪೆಕ್ಟ್ರು ಆಗಿದ್ದೆ. ಮೂರ್ನೇ ಕಂಬ ಒಂದ್ ಬೆರಳು ವಾಲೈತೆ ಅಂತ ನಿಮ್ಮಪ್ಪ ಆಳೆತ್ತರ ಕಟ್ಟಿದ್ದನ್ನ ಬಿಚ್ಚಿಸ್ಬುಟ್ಟ. ನಾವ್ಯಾರೂ ಕಂಡಿರ್ಲಿಲ್ಲ. ಹೇಳ್ದೆ ಇದ್ದಿದ್ರೆ ಯಾರಿಗೂ ಗೊತ್ತೇ ಆಯ್ತಿರ್ನಿಲ್ಲ."

ಗಿರಿಜಾಂಬನವರಿಗೆ ಅಳು ಬಂತು. ಮುದುಕರು ಅದಕ್ಕೆ ಕರಗಲಿಲ್ಲ.

"ಬಾಯಲ್ ಹೇಳಿದ್ದು ಸಾಲ್ದು. ಬರ್ಕೊಡು."

"ಬುಡಪ್ಪ, ಅವ್ರೇ ಬಂದ್ ಹೇಳಿದ್ರಲ್ಲ" ಎಂದ ಲೋಕೇಶ.

"ನೀನ್ ಸುಮ್ಕಿರ್ಲಾ. ನಗಾಡ್ದೋನು ನೀನೇಯ."

ಲೋಕೇಶನೇ ಬಿಲ್ ಪುಸ್ತಕದಿಂದ ಒಂದು ಹಾಳೆ ಹರಿದುಕೊಟ್ಟ. ಅದರ ಹಿಂಬದಿಯಲ್ಲಿ ಗಿರಿಜಾಂಬ ಬರೆದರು: 'ಬೋರಲಿಂಗಯ್ಯನವರು ಕೊಟ್ಟ ತೊರೆಗಡ್ಡೆ ಸೇತುವೆಯ ಕವರು ಅಸಲಿ. ಅದು ನಕಲಿ ಎಂದು ನಾನು ಅಸೂಯೆಯಿಂದ ಸುಳ್ಳು ಹೇಳಿದೆ.' ಕೆಳಗೆ ಸಹಿ, ತಾರೀಖು. ಬೋರಲಿಂಗಯ್ಯ ಎರಡು ಸಲ ಓದಿದರು. ಆಮೇಲೆ ಮಗನ ಕೈಗೆ ಕೊಟ್ಟು, "ಒಳಗ್ ಹೋಗಿ ನಿನ್ ಹೆಂಡ್ತೀಗೂ ಓದಿ ಹೇಳು" ಎಂದರು.

ವಾಪಸು ಬರುವಾಗ ಸಾತನೂರಿನಲ್ಲಿ ಅರ್ಧ ಬಸ್ಸು ಖಾಲಿಯಾಯಿತು. ಲತಾಮಣಿ ಬಂದು ಎದುರು ಸೀಟಿನ ಅಂಚಿನಲ್ಲಿ ಕೂತಳು.

"ನಿಮ್ಮಪ್ಪ ಕಟ್ಟಿದ್ದು ಅಂತ ಒಂದ್ ಮಾತು ಹೇಳಿದ್ರೆ ಆಗಿತ್ತು. ಆ ನಿಮಿಷ್ದಲ್ಲೇ ಕೊಟ್ಬುಡ್ತಿದ್ದೆ."

"ಗೊತ್ತಿತ್ತು" ಎಂದರು ಗಿರಿಜಾಂಬ. "ನೀನು ಕೊಟ್ಟು ನಾನು ಇಸ್ಕೊಳ್ಳೋದು ನನಗೆ ಬೇಕಿರಲಿಲ್ಲ. ನಿನಗೆ ಕೊಡ್ತಿದ್ದವಳು ನಾನು."

ಲತಾಮಣಿ ಎದ್ದು ಬಾಗಿಲ ಬಳಿ ಹೋಗಿ ನಿಂತಳು. ಆಮೇಲೆ ಫೋನೂ ಇಲ್ಲ, ಭಾನುವಾರ ಬರುವುದೂ ಇಲ್ಲ.

ಪ್ರದರ್ಶನಕ್ಕೆ ಹೋಗುವುದೇ ಬೇಡ ಎಂದುಕೊಂಡಿದ್ದರು ಗಿರಿಜಾಂಬ. ಐಶ್ವರ್ಯ ಬಿಡಲಿಲ್ಲ. ರಾಮನಗರದ ಸಭಾಭವನದಲ್ಲಿ ಅವರ ಚೀಟಿಗಳು ಮೂರು ಫ್ರೇಮು ತುಂಬಿದ್ದವು. ಒಂದೂ ಸೊಟ್ಟಗಿರಲಿಲ್ಲ. ಅವರಿಗೆ ಎರಡನೇ ಬಹುಮಾನ ಬಂತು. ತೀರ್ಪುಗಾರರು ಹೊಗಳಿದರು. ಫೋಟೊ ತೆಗೆದರು. ಹತ್ತು ನಿಮಿಷದಲ್ಲಿ ಫ್ರೇಮುಗಳ ಮುಂದೆ ಯಾರೂ ಉಳಿಯಲಿಲ್ಲ.

ಜನವೆಲ್ಲ ಇನ್ನೊಂದು ಮೂಲೆಯಲ್ಲಿದ್ದರು. ಅಲ್ಲಿ ಲತಾಮಣಿ ಆ ಕವರನ್ನು ಇದ್ದ ಹಾಗೇ ಹಾಕಿದ್ದಳು. ಸೇತುವೆಯ ನೀಲಿ ಶಾಯಿ ಹರಡಿ ಹೊಳೆಯ ಜೊತೆ ಬೆರೆತಿತ್ತು. ಚೀಟಿಯನ್ನು ಅದರ ಜಾಗದಲ್ಲಿ ಇಟ್ಟಿದ್ದರೂ ಠಸ್ಸೆಯ ಎರಡು ಅರ್ಧಗಳು ಕೂಡುತ್ತಿರಲಿಲ್ಲ. ಕೆಟ್ಟುಹೋದ ಕವರೆಂದು ತೀರ್ಪುಗಾರರು ಅದನ್ನು ಪರಿಗಣಿಸಿರಲಿಲ್ಲ. ಆದರೆ ಬಿಳಿ ಅಂಗಿ ತೊಟ್ಟು ಬಂದಿದ್ದ ಬೋರಲಿಂಗಯ್ಯ ಅದರ ಪಕ್ಕ ಕುರ್ಚಿಯಲ್ಲಿ ಕೂತು, ಅರ್ಕಾವತಿಯಲ್ಲಿ ಪಾಯ ತೋಡಿದ್ದು, ಪ್ರವಾಹ ಬಂದು ಹಲಗೆ ಕೊಚ್ಚಿಹೋದದ್ದು ಹೇಳುತ್ತಿದ್ದರು. ಶಾಲೆ ಮಕ್ಕಳು, ಮೇಷ್ಟ್ರುಗಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಲತಾಮಣಿ ನಡುನಡುವೆ ಏನೋ ಸೇರಿಸಿ ನಗಿಸುತ್ತಿದ್ದಳು.

ದೂರದಿಂದ ನೋಡುತ್ತ ನಿಂತ ಗಿರಿಜಾಂಬನವರಿಗೆ ಎದೆಯ ಕೆಳಗೆ ಅದೇ ಉರಿ ಎದ್ದಿತು. ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ. ತಪ್ಪೊಪ್ಪಿಕೊಂಡರೆ, ಬರೆದುಕೊಟ್ಟರೆ, ಅತ್ತರೆ ಅದು ಹೋಗುತ್ತದೆ ಎಂದು ಅವರು ನಂಬಿದ್ದರು. ಈ ಸಲ ಗ್ಯಾಸ್ಟ್ರಿಕ್ ಎನ್ನಲು ಮನಸ್ಸು ಬರಲಿಲ್ಲ.

ಪಕ್ಕದಲ್ಲಿದ್ದ ಹೆಂಗಸೊಬ್ಬಳು ಇವರ ಎದೆಯ ಮೇಲಿದ್ದ ಬ್ಯಾಡ್ಜು ನೋಡಿ, "ಮೇಡಂ, ಆ ತೊರೆಗಡ್ಡೆದು ನಿಮ್ದಾ?" ಎಂದು ಕೇಳಿದಳು.

"ಅಲ್ಲ" ಎಂದರು ಗಿರಿಜಾಂಬ. ಸ್ವಲ್ಪ ತಡೆದು, ಬೆರಳು ಮಾಡಿ ತೋರಿಸಿದರು. "ಅವಳದು. ಲತಾಮಣಿ ಅಂತ. ಬಸ್ ಕಂಡಕ್ಟರು."

ಐಶ್ವರ್ಯ ಬಂದು, "ಹೊರಡೋಣವಾಮ್ಮ, ರೈಲಿಗೆ ಹೊತ್ತಾಯ್ತು" ಎಂದಳು.

"ಇರು, ಒಂದ್ಸಲ ನೋಡ್ಕೊಂಡು ಬರ್ತೀನಿ" ಎಂದು ಗಿರಿಜಾಂಬ ಆ ಮೂಲೆಗೆ ನಡೆದರು. ಅವರನ್ನು ಲತಾಮಣಿ ಕಂಡಳು, ಕರೆಯಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಮುಂದೆ ಏಳೆಂಟು ಮಕ್ಕಳಿದ್ದರು. ಗಿರಿಜಾಂಬ ಅವರ ಹಿಂದೆ ನಿಂತು, ತಮ್ಮ ಸರದಿ ಬರಲೆಂದು ಕಾದರು.