ಅಳಿವೆಯ ಆಚೆ ದಡ

ಎರಡನೆಯ ನಿಲುಗಡೆಯ ಮೇಜಿನ ಮೇಲಿದ್ದ ಪುಸ್ತಕದಲ್ಲಿ ಸಹಿ ಹಾಕಲು ಬಗ್ಗಿದವಳು ಪೆನ್ನು ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿದಳು. ಒಂಬತ್ತು ಸಾಲು ಮೇಲೆ, ಹತ್ತು ಗಂಟೆ ಇಪ್ಪತ್ತು ನಿಮಿಷ ಎಂದು ಬರೆದಿದ್ದ ಕಡೆ, ತಂಗಿಯ ಸಹಿ ಇತ್ತು. ಕೊನೆಯ ಅಕ್ಷರದ ಬಾಲವನ್ನು ಪಕ್ಕದ ಅಂಕಣ ಮುಟ್ಟುವಷ್ಟು ಉದ್ದ ಎಳೆಯುವವಳು ಅವಳೊಬ್ಬಳೇ.

"ಯಾಕಮ್ಮ, ಪೆನ್ನು ಬರೀತಿಲ್ವಾ?" ಮೇಜಿನ ಹಿಂದೆ ಕೂತಿದ್ದವನು ಕೇಳಿದ.

"ಬರೀತಿದೆ. ಈಗ ಗಂಟೆ ಎಷ್ಟು?"

"ಹತ್ತೂ ನಲವತ್ತು."

ಇಪ್ಪತ್ತು ನಿಮಿಷ. ಗೀಚಿದಂತೆ ಸಹಿ ಹಾಕಿ, ಅವನು ಮುಂದೆ ಹಿಡಿದ ನೀರಿನ ಲೋಟವನ್ನೂ ನೋಡದೆ ಅವಳು ಹೊರಟುಬಿಟ್ಟಳು.

ನಡಿಗೆಯ ಕ್ಲಬ್ಬು ವರ್ಷಕ್ಕೊಮ್ಮೆ ಏರ್ಪಡಿಸುವ ಮೂವತ್ತೆಂಟು ಕಿಲೋಮೀಟರಿನ ನಡಿಗೆ ಅದು. ಬೆಳಿಗ್ಗೆ ಆರಕ್ಕೆ ಶಾಲೆಯ ಮೈದಾನದಿಂದ ತಂಡ ತಂಡವಾಗಿ ಬಿಡುತ್ತಾರೆ. ಹೊಲಗಳ ಬದು, ಕೆರೆಯ ಏರಿ, ಕುರುಚಲು ಗುಡ್ಡ, ಆಮೇಲೆ ಸಮುದ್ರದ ದಂಡೆ ಹಿಡಿದು ದೀಪಸ್ತಂಭ ಮುಟ್ಟಬೇಕು. ಏಳು ವರ್ಷ ಅಕ್ಕ ತಂಗಿ ಇಬ್ಬರೂ ಜೊತೆಯಲ್ಲೇ ನಡೆದಿದ್ದರು. ನಂತರದ ನಾಲ್ಕು ವರ್ಷ ಅಕ್ಕ ಇತ್ತ ತಲೆ ಹಾಕಿರಲಿಲ್ಲ. ಈ ಸಲ ಯಾಕೆ ಹೆಸರು ಕೊಟ್ಟೆ ಎಂದು ಯಾರಾದರೂ ಕೇಳಿದ್ದರೆ, ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಿಂತು ಗಾಜು ಉಜ್ಜಿ ಕಾಲು ಜಡ್ಡುಗಟ್ಟಿದೆ ಎಂದು ಹೇಳಲು ಸಿದ್ಧವಾಗಿದ್ದಳು. ಯಾರೂ ಕೇಳಲಿಲ್ಲ.

ಕೆರೆಯ ಏರಿಯ ಮೇಲೆ 'ರೇಡಿಯೋ' ಸಿಕ್ಕಿದ. ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ನಿದ್ದೆಯಲ್ಲೂ ಬಾಯಿ ಮುಚ್ಚದವನೆಂದು ನಡಿಗೆಯವರೆಲ್ಲ ಸೇರಿ ಇಟ್ಟ ಹೆಸರು ಅದು.

"ಅಯ್ಯೋ, ನೀವಾ! ನಿಮ್ಮ ತಂಗಿ ಈಗ ತಾನೇ ನನ್ನ ದಾಟ್ಕೊಂಡು ಹೋದ್ಲಲ್ಲ. ಇಬ್ಬರೂ ಬೇರೆ ಬೇರೆ ಹೊರಟ್ರಾ?"

"ಅವಳದ್ದು ಮೊದಲನೇ ತಂಡ ಇರಬೇಕು, ಮೇಷ್ಟ್ರೇ."

"ಪ್ರತಿ ವರ್ಷ ಕೇಳ್ತಿದ್ದೆ, ಅಕ್ಕ ಎಲ್ಲಮ್ಮಾ ಅಂತ. ಬರ್ತಾಳೆ, ಮುಂದಿನ ವರ್ಷ ಬರ್ತಾಳೆ ಅಂತಿದ್ಲು."

ಅವಳ ನಡಿಗೆ ಒಂದು ಕ್ಷಣ ತಪ್ಪಿತು. "ಪ್ರತಿ ವರ್ಷ ಬಂದಿದ್ಲಾ?"

"ಒಂದು ವರ್ಷವೂ ತಪ್ಪಿಸಿಲ್ಲ. ಒಬ್ಬಳೇ ಬರ್ತಾಳೆ, ಒಬ್ಬಳೇ ಹೋಗ್ತಾಳೆ. ನನ್ನ ಮಾತು ಪೂರ್ತಿ ಕೇಳೋದು ಅವಳೊಬ್ಬಳೇ ನೋಡಿ."

ಅವಳು ಮೇಷ್ಟ್ರನ್ನು ಹಿಂದೆ ಬಿಟ್ಟು ಬಿರುಸಾಗಿ ನಡೆದಳು.

ತಂಗಿ ರೈಲಿನಲ್ಲಿ ಟಿಕೆಟ್ ತಪಾಸಣೆಯವಳು. ಹಗಲು ಒಂದು ಊರು, ರಾತ್ರಿ ಇನ್ನೊಂದು. ಅಮ್ಮ ಹಾಸಿಗೆ ಹಿಡಿದ ಹನ್ನೊಂದು ತಿಂಗಳು ಅವಳು ರಜೆ ಸಿಕ್ಕಾಗಲೆಲ್ಲ ಬಂದಳು, ಸಿಕ್ಕದ್ದು ಕಡಿಮೆ. ಅಮ್ಮನ ಉಸಿರು ನಿಂತಾಗ ಅವಳು ಯಾವುದೋ ಸೇತುವೆಯ ಮೇಲೆ ಹೋಗುತ್ತಿದ್ದ ರೈಲಿನಲ್ಲಿದ್ದಳು. ಮರುದಿನ ಬೆಳಿಗ್ಗೆ ಸಮವಸ್ತ್ರದಲ್ಲೇ ಬಾಗಿಲಲ್ಲಿ ನಿಂತವಳಿಗೆ, ಮನೆ ತುಂಬ ಜನ ಇರುವಾಗ, ಅಕ್ಕ ಅಂದಿದ್ದಳು: "ಊರವರ ಟಿಕೆಟ್ ನೋಡೋಕೆ ಪುರುಸೊತ್ತಿದೆ, ಅಮ್ಮನ ಮುಖ ನೋಡೋಕೆ ಇಲ್ಲ." ತಂಗಿ ಒಳಗೆ ಬಂದು ಒಂದು ಮೂಲೆಯಲ್ಲಿ ಕೂತು, ಎಲ್ಲ ಮುಗಿದ ಮೇಲೆ ಎದ್ದು ಹೋಗಿದ್ದಳು. ಮಾತು ಬಾಯಿಂದ ಬಿದ್ದ ಗಳಿಗೆಯಲ್ಲೇ ಅಕ್ಕನಿಗೆ ಅದರ ಭಾರ ಗೊತ್ತಾಗಿತ್ತು. ಆಮೇಲಿನ ಈ ನಾಲ್ಕು ವರ್ಷ ಫೋನಿನಲ್ಲಿ ಆ ಹೆಸರಿನ ಮೇಲೆ ಎಷ್ಟೋ ಸಲ ಬೆರಳಿಟ್ಟು ತೆಗೆದಿದ್ದಳು. ದಿನ ಕಳೆದಷ್ಟೂ ಏನು ಹೇಳಿ ಶುರುಮಾಡುವುದೆಂದೇ ತಿಳಿಯದಾಯಿತು.

ಮೂರನೆಯ ನಿಲುಗಡೆಯಲ್ಲಿ ಅಂತರ ಹದಿನಾಲ್ಕು ನಿಮಿಷವಾಗಿತ್ತು. ಗುಡ್ಡದ ಬುಡದಲ್ಲಿ ಒಂಬತ್ತು. ಎಡ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದದ್ದು ಗೊತ್ತಿದ್ದರೂ ಅವಳು ಶೂ ಬಿಚ್ಚಲಿಲ್ಲ. ಗುಡ್ಡದ ನೆತ್ತಿಗೆ ಬಂದಾಗ ಸಮುದ್ರ ಒಮ್ಮೆಲೇ ಎದುರಾಯಿತು. ಕೆಳಗೆ ಮರಳ ದಂಡೆಯಲ್ಲಿ ಇರುವೆ ಸಾಲಿನಂತೆ ಜನ. ಅವರಲ್ಲಿ ಬಲಗಾಲನ್ನು ತುಸು ಹೊರಗೆ ಎಸೆದು ನಡೆಯುವ ಒಂದು ಆಕೃತಿಯನ್ನು ಹುಡುಕಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಆ ನಡಿಗೆಯನ್ನು ಅವಳೇ ಕಲಿಸಿದ್ದು. ಅಂಗಳದಲ್ಲಿ ಎರಡೂ ಕೈ ಹಿಡಿದು.

ಇಳಿಜಾರಿನಲ್ಲಿ ಓಡಿದಳು. ಐವತ್ನಾಲ್ಕು ವರ್ಷದ ಹೆಂಗಸು ಕಲ್ಲುಗಳ ಮೇಲೆ ಹಾಗೆ ಓಡುವುದನ್ನು ಕಂಡು ಯಾರೋ "ನಿಧಾನ, ನಿಧಾನ" ಎಂದು ಕೂಗಿದರು.

ದಂಡೆಯ ಕೊನೆಗೆ ಹೊಳೆ ಸಮುದ್ರ ಸೇರುವ ಅಳಿವೆ. ನೀರು ಇಳಿದಾಗ ಅಲ್ಲಿ ಮರಳಿನ ದಿಬ್ಬವೊಂದು ತಲೆ ಎತ್ತಿ, ಮೊಣಕಾಲುದ್ದದ ನೀರಿನಲ್ಲಿ ದಾಟಬಹುದು. ಉಬ್ಬರ ಶುರುವಾದರೆ ದಾರಿ ಮುಚ್ಚಿತು. ಅವಳು ತಲುಪುವಾಗ ಸ್ವಯಂಸೇವಕರು ಹಗ್ಗ ಕಟ್ಟುತ್ತಿದ್ದರು.

"ಮೂರೂವರೆ ಆಯ್ತಮ್ಮ. ಇನ್ನು ಯಾರನ್ನೂ ಬಿಡೋ ಹಾಗಿಲ್ಲ."

"ನನ್ನ ತಂಗಿ ಈಗಷ್ಟೇ ಹೋದಳಲ್ಲ! ಅಗೋ, ಅಲ್ಲೇ ಇದ್ದಾಳೆ."

"ಅವರು ಕೊನೆಯವರು. ನೀರು ನೋಡಿ ಹೇಗೆ ಬರ್ತಿದೆ."

ಆಚೆ ದಡದಲ್ಲಿ ತಂಗಿ ಒಂದು ಕಾಲಿನ ಮೇಲೆ ನಿಂತು ಶೂ ಕೊಡವುತ್ತಿದ್ದಳು. ಅಕ್ಕ ಕೂಗಿದಳು. ತಂಗಿ ತಲೆ ಎತ್ತಿದಳು. ಶೂ ಕೈಯಲ್ಲೇ ಉಳಿಯಿತು. ಇನ್ನೂರು ಅಡಿ ನೀರಿನ ಆಚೆ ಮುಖ ಕಾಣುತ್ತಿತ್ತು, ಮುಖದಲ್ಲಿ ಏನಿದೆಯೆಂದು ಕಾಣುತ್ತಿರಲಿಲ್ಲ. ತಂಗಿಯ ಬಾಯಿ ಆಡಿತು. ಗಾಳಿ ಆ ಮಾತನ್ನು ಸಮುದ್ರದ ಕಡೆಗೆ ಹೊತ್ತೊಯ್ದಿತು. ಇಬ್ಬರೂ ಹಾಗೇ ನಿಂತರು. ದಿಬ್ಬದ ಬೆನ್ನು ಕಿರಿದಾಗುತ್ತಾ ಬಂದು, ಕೊನೆಗೆ ನೀರು ಮಾತ್ರ ಉಳಿಯಿತು.

ಕುಂಟುತ್ತಾ ಬಂದ ಮೇಷ್ಟ್ರು ಮರಳಲ್ಲಿ ಕುಸಿದು ಕೂತ. "ಐದೂವರೆಗೆ ಜೀಪು ಬರುತ್ತೆ ಕಣಮ್ಮಾ. ಹತ್ಕೊಂಡು ಹೋಗೋಣ. ಸೇತುವೆ ಸುತ್ತಿ ಹೋದ್ರೆ ಎಂಟು ಕಿಲೋಮೀಟರು."

"ಐದೂವರೆವರೆಗೆ ಕೂರೋಕೆ ಆಗಲ್ಲ ಮೇಷ್ಟ್ರೇ."

ಹೊಳೆಯಂಚಿನ ಡಾಂಬರು ರಸ್ತೆಯಲ್ಲಿ ಅವಳೊಬ್ಬಳೇ. ಬೊಬ್ಬೆ ಒಡೆದು ಕಾಲುಚೀಲ ಹಿಮ್ಮಡಿಗೆ ಅಂಟಿತ್ತು. ಸೇತುವೆಯ ಮೇಲೆ ಒಮ್ಮೆ ನಿಂತು ಅಳಿವೆಯ ಕಡೆ ನೋಡಿದಳು. ಬೆಳ್ಳಗಿನ ಬೆಳಕು ಬಿಟ್ಟರೆ ಏನೂ ಕಾಣಲಿಲ್ಲ. ಏನು ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದಳು. ಜೋಡಿಸಿದ ಮಾತೆಲ್ಲ ನಾಲ್ಕು ಹೆಜ್ಜೆಗೆ ಬಿಚ್ಚಿಹೋಗುತ್ತಿತ್ತು.

ದೀಪಸ್ತಂಭದ ಬುಡ ಮುಟ್ಟಿದಾಗ ಆರು ಗಂಟೆ ಹತ್ತು ನಿಮಿಷ. ಕುರ್ಚಿಗಳನ್ನು ಮಡಚುತ್ತಿದ್ದರು. ಮೇಜಿನ ಹಿಂದಿದ್ದ ಹೆಂಗಸು ಅವಳ ಕೊರಳಿಗೆ ಪದಕ ಹಾಕಿ, "ನೀವು ಅವರ ಅಕ್ಕನಾ?" ಎಂದಳು.

"ಎಲ್ಲಿದ್ದಾಳೆ?"

"ನಾಲ್ಕಕ್ಕೇ ಬಂದ್ರು. ಸಹಿ ಹಾಕಿ ಮತ್ತೆ ಅಳಿವೆ ಕಡೆ ವಾಪಸ್ ಹೋದ್ರು. ಇಲ್ಲಿ ಬಂದು ಎರಡು ಸಲ ಕೇಳಿದ್ರು, ನಮ್ಮಕ್ಕ ಬಂದ್ರಾ ಅಂತ. ಇವತ್ತು ರಾತ್ರಿ ಡ್ಯೂಟಿ ಅಂತೆ. ಐದೂವರೆ ಬಸ್ಸಿಗೆ ಹೊರಟ್ರು." ಅವಳ ಮುಖ ನೋಡಿ ಆ ಹೆಂಗಸು ದನಿ ತಗ್ಗಿಸಿದಳು. "ಬಸ್ಸು ಹತ್ತೋಕೂ ಮನಸ್ಸಿರಲಿಲ್ಲ ಪಾಪ."

ಅವಳು ಬಂಡೆಗಳ ನಡುವೆ ಇಳಿದು ಮರಳಿಗೆ ಬಂದಳು. ಶೂ, ಕಾಲುಚೀಲ ಬಿಚ್ಚಿ ಪಕ್ಕಕ್ಕಿಟ್ಟಳು. ಕತ್ತಲಾಗುವವರೆಗೂ ಅಲ್ಲೇ ಕೂತಿದ್ದು, ಆಮೇಲೆ ಫೋನು ತೆಗೆದು, ಈ ಸಲ ಬೆರಳನ್ನು ಒತ್ತಿಯೇಬಿಟ್ಟಳು.

ಎರಡನೆಯ ರಿಂಗಿಗೇ ಎತ್ತಿದ್ದಾಯಿತು. ಆ ಕಡೆ ರೈಲು ಗಡಗಡ ಸದ್ದು ಮಾಡುತ್ತಿತ್ತು.

"ಅಕ್ಕಾ."

"ಮುಟ್ಟಿದೆ ಕಣೆ."

"ಸೇತುವೆ ಸುತ್ತಿ ಬಂದ್ಯಾ? ನಡ್ಕೊಂಡೇ?" ತಂಗಿಯ ದನಿ ಒಡೆಯಿತು. "ಜೀಪಲ್ಲಿ ಮನೆಗೆ ಹೋಗಿರ್ತೀಯ ಅಂದ್ಕೊಂಡೆ. ಇನ್ನೊಂದು ಸ್ವಲ್ಪ ಹೊತ್ತು ಕಾಯಬೇಕಿತ್ತು ನಾನು."

"ಕೆಲಸ ಇತ್ತಲ್ಲ. ಹೋಗಲೇಬೇಕಿತ್ತು." ಅಕ್ಕ ಫೋನನ್ನು ಕಿವಿಗೆ ಒತ್ತಿಕೊಂಡಳು. "ಕೇಳಿಲ್ಲಿ. ಅಮ್ಮ ಹೋದಾಗ ನಾನು…"

"ಅಕ್ಕಾ, ಅದೇನು ಸದ್ದು? ಅಲೆನಾ?"

"ಹೂಂ."

"ಇನ್ನೊಂದು ಹತ್ತು ನಿಮಿಷಕ್ಕೆ ಬೋಗಿ ನೋಡೋಕೆ ಹೋಗಬೇಕು. ಅಲ್ಲೀವರೆಗೆ ಕೇಳಿಸ್ತೀಯಾ? ಏನೂ ಮಾತಾಡಬೇಡ."

ಅವಳು ನೀರಿನಂಚಿಗೆ ಹೋಗಿ ಕೈ ಚಾಚಿ ಫೋನು ಹಿಡಿದಳು. ಅಲೆಯೊಂದು ಬಂದು ಒಡೆದ ಹಿಮ್ಮಡಿಯನ್ನು ಚುರ್ರೆನಿಸಿ ಹಿಂದೆ ಹೋಯಿತು. ಅವಳು ಕಾಲು ಕದಲಿಸಲಿಲ್ಲ. ಕೈ ಸೋತಾಗ ಫೋನನ್ನು ಇನ್ನೊಂದು ಕೈಗೆ ಬದಲಾಯಿಸಿ, ಇನ್ನೂ ಸ್ವಲ್ಪ ಮುಂದಕ್ಕೆ ಚಾಚಿದಳು.